ಕೊಪ್ಪಳದ ಗವಿಮಠ: ಅನ್ನ, ಅಕ್ಷರ, ಅರಿವಿನ ಬೆಟ್ಟ

ಪುಷ್ಯ ಮಾಸ ಹತ್ತಿರ ಬಂತೆಂದರೆ ಕೊಪ್ಪಳ ಸೀಮೆಯ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಕೂತು ಜೋಳದ ಹಿಟ್ಟು ನಾದಿ, ಬಡಿದು, ಬೇಯಿಸಿ, ಖಡಕ್ ರೊಟ್ಟಿ ಮಾಡಿ ಅರಿವೆಯಲ್ಲಿ ಗಂಟು ಕಟ್ಟುತ್ತಾರೆ. ಆ ಗಂಟುಗಳು ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಡೊಳ್ಳು, ಭಜನೆಯ ಸಮೇತ ಕೊಪ್ಪಳದ ದಾರಿ ಹಿಡಿಯುತ್ತವೆ. ಸೇರುವುದು ಗವಿಸಿದ್ಧೇಶ್ವರ ಮಠದ ಮಹಾದಾಸೋಹಕ್ಕೆ. ಲಕ್ಷಾಂತರ ರೊಟ್ಟಿಗಳು ಅಲ್ಲಿ ಗೋಡೆಯಂತೆ ಪೇರಿಕೊಳ್ಳುತ್ತವೆ. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಂತು ಎಂದು ಯಾರೂ ಕೇಳುವುದಿಲ್ಲ.

ಪುಷ್ಯ ಬಹುಳ ಬಿದಿಗೆಯಂದು ಸಂಜೆ ತೇರು ಎಳೆಯುತ್ತಾರೆ. ಮಠದ 11ನೇ ಪೀಠಾಧಿಪತಿ ಗವಿಸಿದ್ಧೇಶ್ವರರ ಸ್ಮರಣೆಯ ಜಾತ್ರೆ ಇದು. ದಾಸೋಹದಲ್ಲಿ ಜೋಳದ ರೊಟ್ಟಿಯ ಜೊತೆಗೆ ಪಲ್ಯ, ಮಾದಲಿ, ಅನ್ನ, ಸಾರು. ಒಂದು ದಿನ ಮಿರ್ಚಿ ಭಜ್ಜಿಯ ದಾಸೋಹವೂ ಉಂಟು. ಉತ್ತರ ಕರ್ನಾಟಕದವರು ಈ ಜಾತ್ರೆಯನ್ನು ದಕ್ಷಿಣದ ಕುಂಭಮೇಳ ಎನ್ನುವುದು ಜನಸಂದಣಿ ಕಂಡು ಮಾತ್ರವಲ್ಲ. ಬಂದವರೆಲ್ಲರೂ ಉಂಡೇ ಹೋಗುತ್ತಾರೆ ಎಂಬ ಭರವಸೆಯಿಂದ.

ಗವಿಮಠ ಹುಟ್ಟಿದ್ದು ಹೆಸರೇ ಹೇಳುವಂತೆ ಗವಿಯಲ್ಲಿ. ಊರಿಗೆ ಅಂಟಿಕೊಂಡ ಕಲ್ಲುಬೆಟ್ಟದ ಹೊಟ್ಟೆಯಲ್ಲಿರುವ ಗವಿಯೇ ಮಠದ ಮೂಲ ನೆಲೆ. ಆದರೆ ಈ ಬೆಟ್ಟಕ್ಕೆ ಧರ್ಮದ ಮಾತು ಬಂದದ್ದು ಮಠಕ್ಕಿಂತ ಬಹಳ ಹಿಂದೆ. ನೆತ್ತಿಯ ಮೇಲೆ ಬಂಡೆಯೊಂದು ಕೊಡೆಯಂತೆ ಕೂತಿದೆ. ಅದರ ನೆರಳಿನಲ್ಲಿ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಬರಹ: ಅಶೋಕನ ಶಾಸನ, ಕ್ರಿ.ಪೂ. ಮೂರನೇ ಶತಮಾನದ್ದು. 1931ರಲ್ಲಿ ಎನ್. ಬಿ. ಶಾಸ್ತ್ರಿಯವರು ಇದನ್ನೂ ಹತ್ತಿರದ ಪಾಲ್ಕಿಗುಂಡು ಬೆಟ್ಟದ ಇನ್ನೊಂದು ಶಾಸನವನ್ನೂ ಬೆಳಕಿಗೆ ತಂದರು.

ಚಕ್ರವರ್ತಿ ಅಲ್ಲಿ ದಿಗ್ವಿಜಯದ ಸುದ್ದಿ ಬರೆಸಿಲ್ಲ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಹುರುಪಿನಿಂದ ತೊಡಗಿದೆ ಎನ್ನುತ್ತಾನೆ. ಇಂಥ ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ ಎಂಬುದು ಶಾಸನದ ತಿರುಳು. ಆ ಕಾಲಕ್ಕೆ ಈ ಸೀಮೆಗೆ ಹೊಸದಾಗಿದ್ದ ಒಂದು ಧರ್ಮ ಇಲ್ಲಿನ ಜನರೊಂದಿಗೆ ಆಡಿದ ಮಾತು ಸಮಾನತೆಯದು.

ಆಮೇಲೆ ಜೈನರು ಬಂದರು. ಕೊಪಣ, ಅಂದರೆ ಇಂದಿನ ಕೊಪ್ಪಳ, ಅವರಿಗೆ ಮಹಾತೀರ್ಥವಾಯಿತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ ನಗರವೂ ಒಂದು. ಪಾಲ್ಕಿಗುಂಡಿನ ಬೆಟ್ಟದಲ್ಲಿ ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ, ಮಾಡಿಸಿದವನು ಚಾವಯ್ಯ ಎಂದು ಪಕ್ಕದಲ್ಲೇ ಕನ್ನಡದ ಬರಹವಿದೆ. ಬೌದ್ಧ, ಜೈನ, ವೀರಶೈವ, ಮೂರೂ ಒಂದೇ ಬೆಟ್ಟಸಾಲಿನಲ್ಲಿ ನೆಲೆ ಕಂಡವು. ಮೂರರ ಗುರುತುಗಳೂ ಅಲ್ಲಿ ಉಳಿದಿವೆ. ವೀರಶೈವ ಮಠದ ತಲೆಯ ಮೇಲೆ ಅಶೋಕನ ಮಾತು ಇಂದಿಗೂ ಸುರಕ್ಷಿತವಾಗಿದೆ.

ಧರ್ಮದ ನೆಲೆಯೊಂದು ಯಾಕೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಜನರ ಬದುಕಿಗೆ ಆಸರೆಯಾಗಲು ಎಂಬುದು ಗವಿಮಠದ ಉತ್ತರ; ದೂರದ ಕೊರಿಯಾದಲ್ಲೂ ಇಂಥದೇ ಉತ್ತರವಿದೆ. 1916ರಲ್ಲಿ ಸೊಟೆಸಾನ್ ಎಂಬ ಗುರು ಅಲ್ಲಿ ವನ್ ಬೌದ್ಧ ಪಂಥ ಆರಂಭಿಸಿದರು. ಅದರ ಮಂದಿರಗಳಲ್ಲಿ ಬುದ್ಧನ ಮೂರ್ತಿ ಇರುವುದಿಲ್ಲ, ಒಂದು ವೃತ್ತವಿರುತ್ತದೆ. ಗುರುವಿನ ಒಂಬತ್ತು ಮೊದಲ ಶಿಷ್ಯರು ಹೆಂಡ, ತಂಬಾಕು ಬಿಟ್ಟು ದುಡ್ಡು ಕೂಡಿಟ್ಟರು; 1918-19ರಲ್ಲಿ ಯೊಂಗ್‌ಗ್ವಾಂಗ್ ಸೀಮೆಯ ಕಡಲ ಉಬ್ಬರದ ಜೌಗಿಗೆ ಒಡ್ಡು ಹಾಕಿ ಗದ್ದೆ ಮಾಡಿದರು. ದಿನದ ದುಡಿಮೆಯೂ ಸಾಧನೆಯೇ ಎಂಬುದು ಅವರ ಪಾಠ. ಮುಂದೆ ಇಕ್ಸಾನ್ ನಗರ ಅವರ ಕೇಂದ್ರವಾಯಿತು. ಅಲ್ಲಿ ಅವರದೇ ವಿಶ್ವವಿದ್ಯಾಲಯ ನಡೆಯುತ್ತಿದೆ.

ಜೌಗಿಗಿಳಿದು ಒಡ್ಡು ಹಾಕಿದ ಆ ಶಿಷ್ಯರ ಕತೆ ಕೊಪ್ಪಳದವರಿಗೆ ಹೊಸದೆನಿಸಲಿಕ್ಕಿಲ್ಲ. 2019ರಲ್ಲಿ ಮಠದ 18ನೇ ಪೀಠಾಧಿಪತಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಸ್ವತಃ ಹಿರೇಹಳ್ಳಕ್ಕೆ ಇಳಿದರು. ಹೂಳು, ಜಾಲಿ, ಆಪು ತುಂಬಿ ಹಳ್ಳವೆಂಬ ಗುರುತೇ ಮಾಸಿದ್ದ ಹರಿವಿನ ಪಾತ್ರ ಜನರ ದುಡಿಮೆ, ಜನರ ದೇಣಿಗೆಯಿಂದ ತೆರೆದುಕೊಂಡಿತು. ಮಳೆ ಕಡಿಮೆ ಬೀಳುವ ಈ ಎರೆ, ಮಸಾರಿಯ ನಾಡಿನಲ್ಲಿ ಹಳ್ಳಕ್ಕೆ ಜೀವ ತುಂಬುವುದು ಪೂಜೆಗಿಂತ ಕಡಿಮೆಯ ಕೆಲಸವಲ್ಲ.

ಮಠ ನಡೆಸುವ ಶಾಲೆ ಕಾಲೇಜುಗಳಿಗೆ ಬುನಾದಿ ಹಾಕಿದವರು 16ನೇ ಪೀಠಾಧಿಪತಿ ಮರಿಶಾಂತವೀರ ಸ್ವಾಮೀಜಿ. ಆಯುರ್ವೇದ ಬಲ್ಲ ಅವರು ರೋಗಿಗಳಿಗೂ ಆಸರೆಯಾಗಿದ್ದರು. ಮಠದ ಆಯುರ್ವೇದ ಕಾಲೇಜು ಇಂದು ಅದೇ ದಾರಿಯಲ್ಲಿದೆ. ಬಡ ಮಕ್ಕಳಿಗೆ ಊಟ, ವಸತಿ ಕೊಡುವ ಪ್ರಸಾದ ನಿಲಯ ಸಾಲದಾದಾಗ, 5,000 ವಿದ್ಯಾರ್ಥಿಗಳ ವಸತಿ ನಿಲಯಕ್ಕೆ 2022ರಲ್ಲಿ ಅಡಿಗಲ್ಲು ಹಾಕಲಾಯಿತು. ಆ ಸಮಾರಂಭದಲ್ಲಿ ಮಕ್ಕಳ ಕಷ್ಟ ಹೇಳುತ್ತ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕಣ್ಣೀರಾದರು. ಕೇಳಿದ ಭಕ್ತರು ಕೈಲಾದಷ್ಟು ನೆರವು ಕೊಡಲು ಮುಂದೆ ಬಂದರು. ಜಾತ್ರೆಗೆ ಮುನ್ನ ನಡೆಯುವ ಜಾಗೃತಿ ನಡಿಗೆಗಳೂ ಇದೇ ಧೋರಣೆಯವು: ರಕ್ತದಾನ, ನೇತ್ರದಾನ, ಬಾಲ್ಯವಿವಾಹ ತಡೆ, ಜಲ ಸಂರಕ್ಷಣೆ ಹೀಗೆ ಒಂದೊಂದು ವರ್ಷ ಒಂದೊಂದು ಸಂಕಲ್ಪ.

ಗುಡಿ, ಮಠ ಕಟ್ಟುವುದು ದೊಡ್ಡದಲ್ಲ. ಯಾವುದಕ್ಕೆ ಕಟ್ಟಿದೆವು ಎಂಬುದನ್ನು ತಲೆಮಾರಿನಿಂದ ತಲೆಮಾರಿಗೆ ಮರೆಯದಿರುವುದು ದೊಡ್ಡದು. ಗವಿಮಠ ಅದನ್ನು ಮರೆತಿಲ್ಲ.

ಹುಬ್ಬಳ್ಳಿ-ಗುಂತಕಲ್ ಮಾರ್ಗದ ಕೊಪ್ಪಳ ನಿಲ್ದಾಣದಲ್ಲಿ ಇಳಿದರೆ ಮಠ ದೂರವಿಲ್ಲ. ಜಾತ್ರೆಗೆ ಹೋದವರು ಪ್ರಸಾದ ಉಂಡು ಹಾಗೇ ಮರಳಬೇಡಿ. ಬೆಟ್ಟ ಹತ್ತಿ ಅಶೋಕನ ಶಾಸನ ನೋಡಿ, ಅದರಲ್ಲಿ ಏನಿದೆ ಎಂಬುದನ್ನು ಮಕ್ಕಳಿಗೆ ಹೇಳಿ. ಬಂಡೆಗಳ ಮೇಲೆ ಹೆಸರು ಗೀಚದಂತೆ ನೋಡಿಕೊಳ್ಳಿ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದುಬಂದ ಬರಹ ಮುಂದೆಯೂ ಉಳಿಯುವುದು ನಮ್ಮ ಕೈಯಲ್ಲಿದೆ.