ತಣ್ಣಗಿದ್ದರೆ ಸಾಲದು

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೊರಟವರಿಗೆ ನಡುದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಅಲ್ಲಿ ಹಾಲು ಒಕ್ಕೂಟದ ಡೈರಿಯಿದೆ. ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಿ, 15 ಸೆಕೆಂಡುಗಳ ಕಾಲ ಹಾಗೆಯೇ ಹಿಡಿದು, ಕೂಡಲೇ 4 ಡಿಗ್ರಿಯ ಸುಮಾರಿಗೆ ಇಳಿಸುವುದು ಡೈರಿಗಳ ಪದ್ಧತಿ. ಇಷ್ಟು ಕಟ್ಟುನಿಟ್ಟಿನಲ್ಲಿ ಬೆಳೆದ ಹಾಲು ಹೋಟೆಲಿನ ಅಡುಗೆಮನೆಯನ್ನು ಸೇರಿದ ಮೇಲೆ ಅದನ್ನು ಕಾಯುವುದು ಮೂಲೆಯಲ್ಲಿ ನಿಂತ ಒಂದು ರೆಫ್ರಿಜರೇಟರು. ಆ ರೆಫ್ರಿಜರೇಟರನ್ನು ಕಾಯುವವರು ಯಾರು?

‘ತಂಗಳುಪೆಟ್ಟಿಗೆ’ ಎಂದು ಜನ ಅದಕ್ಕೆ ಹಾಸ್ಯವಾಗಿ ಹೆಸರಿಟ್ಟಿದ್ದಾರೆ. ಮನೆಯಲ್ಲಿ ಅದರ ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದೀತು. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಅದು ಮುಚ್ಚಿರುವುದೇ ಅಪರೂಪ. ಒಳಗೆ ಗಾಳಿಯಾಡದಂತೆ ಪಾತ್ರೆಗಳ ರಾಶಿ. ಆದರೂ ಕೈಯಿಟ್ಟವನಿಗೆ ತಂಪೆನಿಸುತ್ತದೆ. 5 ಡಿಗ್ರಿಯೂ ಕೈಗೆ ತಂಪೇ, 12 ಡಿಗ್ರಿಯೂ ತಂಪೇ! ರೋಗಾಣುಗಳಿಗೆ ಮಾತ್ರ ಈ ಎರಡರ ಅಂತರ ಚೆನ್ನಾಗಿ ತಿಳಿದಿದೆ. 5ರಿಂದ 60 ಡಿಗ್ರಿಯವರೆಗಿನ ಅವಧಿಯೇ ಅವುಗಳ ಸುಭಿಕ್ಷಕಾಲ. ಹಿತವಾದ ಬಿಸಿಯಲ್ಲಿ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ.

“ಮತ್ತೆ ಕುದಿಸಿದರಾಯಿತಲ್ಲ” ಎಂಬ ಸಮಾಧಾನ ಅನೇಕ ಅಡುಗೆಮನೆಗಳಲ್ಲಿ ಕೇಳಿಬರುತ್ತದೆ. ಅದು ಪೂರ್ಣ ಸತ್ಯವಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆ ಬಿಟ್ಟರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಅದರಲ್ಲಿ ಬಿಡಬಲ್ಲವು; ಮರುದಿನದ ಒಗ್ಗರಣೆಯ ಬಿಸಿಗೆ ಆ ವಿಷ ಅಳಿಯದು. ಆದುದರಿಂದಲೇ ಉಳಿದ ಅಡುಗೆಯನ್ನು 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆರಡು ಗಂಟೆಯೊಳಗೆ ಇಳಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಪರಿಶೀಲನಾ ಪಟ್ಟಿ ಹೇಳುತ್ತದೆ. ದೊಡ್ಡ ಕೊಳಗದ ಸಾರನ್ನು ಹಾಗೆಯೇ ಒಳಗೆ ತಳ್ಳಿದರೆ ನಡುಭಾಗ ಆರುವುದಿಲ್ಲ. ನೆರೆಯ ಪಾತ್ರೆಗಳೂ ಬಿಸಿಯಾಗುತ್ತವೆ. ಅಗಲವಾದ ತಟ್ಟೆಗಳಿಗೆ ಹಂಚುವುದೇ ಉಪಾಯ.

2006ರ ಆಹಾರ ಸುರಕ್ಷತಾ ಕಾಯಿದೆ 2011ರಲ್ಲಿ ಜಾರಿಗೆ ಬಂದಿತು. ಕಾಯಿದೆ ದೊಡ್ಡದು, ಬೇಕಾದ ಸಾಧನ ಚಿಕ್ಕದು: ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ. ಪೆಟ್ಟಿಗೆಯ ತಿರುಗುಗುಂಡಿಯ ಮೇಲಿನ 1, 2, 3 ಎಂಬ ಅಂಕಿಗಳು ಡಿಗ್ರಿಗಳಲ್ಲ ಎಂಬುದನ್ನು ಎಷ್ಟೋ ಮಂದಿ ಅರಿಯರು. ಉಷ್ಣಮಾಪಕದ ಮೇಲೆಯೇ ಸಂಶಯವಿದ್ದರೆ, ಪುಡಿಮಾಡಿದ ಮಂಜುಗಡ್ಡೆಯೂ ನೀರೂ ಬೆರೆತ ಲೋಟದಲ್ಲಿ ಅದನ್ನು ಅದ್ದಿ ನೋಡಬೇಕು, ಸೊನ್ನೆ ತೋರಿಸಬೇಕು.

ಭದ್ರಾವತಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿದ ಊರು. ಸಾವಿರ ಡಿಗ್ರಿಗೂ ಮೀರಿದ ಕುಲುಮೆಗಳ ಕಾವಿನ ಲೆಕ್ಕ ಬಲ್ಲ ಊರಿಗೆ ಐದು ಡಿಗ್ರಿಯ ಲೆಕ್ಕ ಕಷ್ಟವೇ? ಕಷ್ಟ ಬೇರೆಡೆಯಿದೆ. ಮಳೆಗಾಲದ ರಾತ್ರಿ ಮರ ಬಿದ್ದು ಕರೆಂಟು ಹೋಯಿತೆನ್ನಿ. ಬಾಗಿಲು ತೆರೆಯದಿದ್ದರೆ ತಂಪು ಸುಮಾರು ನಾಲ್ಕು ಗಂಟೆ ನಿಂತೀತು. ಕರೆಂಟು ಬಂದದ್ದು ಬೆಳಗಿನ ಜಾವಕ್ಕೆ. ಆರು ಗಂಟೆಗೆ ಬಂದ ಹುಡುಗ ನೋಡಿದರೆ 13 ಡಿಗ್ರಿ. ನಿಜ ಬರೆದರೆ ಪನೀರು, ಹಾಲು, ಬೇಯಿಸಿಟ್ಟ ಪಲ್ಯ ಎಲ್ಲವೂ ಬಚ್ಚಲಿಗೆ. ಯಜಮಾನರ ಬೈಗುಳ ಅವನ ತಲೆಗೆ. ತಿಂಗಳುಗಟ್ಟಲೆ ಒಂದೇ ಶಾಯಿಯಲ್ಲಿ ‘4, 4, 4’ ಎಂದು ತುಂಬಿದ ಪುಸ್ತಕಗಳು ಹುಟ್ಟುವುದು ಹೀಗೆಯೇ. ಅಂಥ ಬೆಳಿಗ್ಗೆ ಯಜಮಾನರು ತಾವೇ ಬಾಗಿಲು ತೆರೆದು, 13 ಎಂದು ಬರೆದು ಸಹಿ ಹಾಕಿ, ಪಲ್ಯವನ್ನು ಚೆಲ್ಲಲು ಹೇಳಿದರೆ, ಮರುದಿನದಿಂದ ಹುಡುಗನೂ ಕಂಡದ್ದನ್ನೇ ಬರೆದಾನು.