ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚುವುದೇ?

ಕಾರವಾರದಿಂದ ಅಂಕೋಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಬಿಣಗಾ ತಲುಪುವ ಮೊದಲೇ ಸುರಂಗ ಬರುತ್ತದೆ. ಕೆಲವು ಕಾರುಗಳು ಸುರಂಗ ಹೊಕ್ಕೊಡನೆ ಗೇರ್ ಇಳಿಸಿ ಗುಡುಗುವುದನ್ನು ನೀವೂ ಕೇಳಿರಬಹುದು. ಬಯಲಿನಲ್ಲಾದರೆ ಸದ್ದು ಸುತ್ತಲೂ ಹರಡಿ ಕ್ಷೀಣಿಸುತ್ತದೆ. ಸುರಂಗದ ಗೋಡೆಗಳು ಅದನ್ನು ಹಿಂದಿರುಗಿಸುತ್ತವೆ. ಹೊಸ ಸೈಲೆನ್ಸರ್ ಹಾಕಿಸಿದವರಿಗೆ ಕೊಟ್ಟ ದುಡ್ಡು ಸಾರ್ಥಕವಾಯಿತು ಎನ್ನಿಸುವುದು ಅಲ್ಲೇ. ‘ಸದ್ದೂ ಬಂತು, ಪಿಕಪ್ಪೂ ಬಂತು ಸರ್’ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಮೊದಲನೆಯದನ್ನು ಒಪ್ಪೋಣ. ಎರಡನೆಯದನ್ನು ಲೆಕ್ಕ ಹಾಕಿ ನೋಡೋಣ.

ಕಾರಿನ ಹಿಂದೆ ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಸದ್ದು ಇದೆ ಎಂದುಕೊಳ್ಳಿ. ಕಿವಿ ಮುಚ್ಚಿಕೊಳ್ಳಬೇಕಾದಷ್ಟು ಸದ್ದು ಅದು. ಭೌತಶಾಸ್ತ್ರದ ಪ್ರಕಾರ ಇದರ ತೀವ್ರತೆ ಪ್ರತಿ ಚದರ ಮೀಟರಿಗೆ ವಾಟಿನ ಹತ್ತನೆಯ ಒಂದು ಭಾಗ. ಒಂದು ಮೀಟರ್ ತ್ರಿಜ್ಯದ ಅರ್ಧಗೋಳದ ಮೇಲೆ ಇದನ್ನು ಹರಡಿದರೂ ಒಟ್ಟು 0.63 ವಾಟ್. 80 ಅಶ್ವಶಕ್ತಿಯ ಎಂಜಿನ್ ಕೊಡುವುದು ಸುಮಾರು 60,000 ವಾಟ್. ಹೊರಬರುವ ಸದ್ದು ಎಂಜಿನ್ನಿನ ಬಲದ ಅಳತೆ ಅಲ್ಲವೆನ್ನಲು ಇಷ್ಟು ಸಾಕು. ಹಾಗಾದರೆ ಹೊಗೆಕೊಳವೆಗೂ ಶಕ್ತಿಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಕೊಳವೆಯ ಈ ತುದಿಯಲ್ಲಿಲ್ಲ, ಎಂಜಿನ್ನಿಗೆ ಅಂಟಿಕೊಂಡ ಆ ತುದಿಯಲ್ಲಿದೆ.

ಇಂಧನ ಉರಿದು ಪಿಸ್ಟನ್ ಕೆಳಗೆ ಬರುವ ಹೊತ್ತಿಗೆ ಸಿಲಿಂಡರಿನಲ್ಲಿ ಇನ್ನೂ ವಾಯುಭಾರದ ಹಲವು ಪಟ್ಟು ಒತ್ತಡವಿರುತ್ತದೆ. ಆಗ ಹೊರಕವಾಟ ತೆರೆಯುತ್ತದೆ. ಅನಿಲ ಕೊಳವೆಯೊಳಗೆ ನುಗ್ಗುತ್ತದೆ. ಅದಕ್ಕಿಂತ ವೇಗವಾಗಿ ಒಂದು ಒತ್ತಡದ ಅಲೆ ಮುಂದೆ ಓಡುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. ಕೊಳವೆಯ ಬಿಸಿ ಅನಿಲದ ಉಷ್ಣತೆ 600 ಡಿಗ್ರಿ ಎಂದಿಟ್ಟುಕೊಂಡರೆ ವೇಗ 580 ಮೀಟರ್ ಆಸುಪಾಸು.

ಈ ಅಲೆ ಕೊಳವೆ ಅಗಲವಾಗುವ ಜಾಗಕ್ಕೆ ಬಂದಾಗ ಒಂದು ಭಾಗ ಮುಂದೆ ಸಾಗಿ ಇನ್ನೊಂದು ಭಾಗ ತಿರುಗಿ ಬರುತ್ತದೆ. ತಿರುಗುವಾಗ ಅದರ ಸ್ವಭಾವ ಬದಲಾಗುತ್ತದೆ: ಹೋದದ್ದು ಸಂಪೀಡನ, ಬಂದದ್ದು ವಿರಳನ. ಕೊಳಲಿನ ತೆರೆದ ತುದಿಯಲ್ಲಿ ನಡೆಯುವುದೂ ಇದೇ. ಈ ವಿರಳನ ಹೊರಕವಾಟ ಮುಚ್ಚುವ ಮುನ್ನ, ಒಳಕವಾಟ ಆಗತಾನೇ ತೆರೆಯುವಾಗ ಮರಳಿದರೆ ಸಿಲಿಂಡರಿನಲ್ಲಿ ಉಳಿದ ಸುಟ್ಟ ಅನಿಲವನ್ನು ಹೊರಗೆಳೆಯುತ್ತದೆ, ಹಿಂದೆಯೇ ಹೊಸ ಮಿಶ್ರಣವನ್ನು ಒಳಗೆಳೆಯುತ್ತದೆ. ಹೆಚ್ಚು ಮಿಶ್ರಣವೆಂದರೆ ಹೆಚ್ಚು ಶಕ್ತಿ. ಇದು ನಿಜವಾದ ಲಾಭ, ಪಂದ್ಯದ ಕಾರುಗಳು ಇದನ್ನು ಪೂರ್ಣ ಬಳಸಿಕೊಳ್ಳುತ್ತವೆ.

ತೊಡಕು ಇರುವುದು ಸಮಯದಲ್ಲಿ. ಅಲೆ ಹೋಗಿ ಬರಲು ಕ್ರ್ಯಾಂಕಿನ ಸುತ್ತಿನ ಮೂರನೆಯ ಒಂದು ಭಾಗ ಇದೆ ಎನ್ನೋಣ. ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ, ಅದರ ಮೂರನೆಯ ಒಂದೆಂದರೆ ಮುನ್ನೂರನೆಯ ಒಂದು ಭಾಗ. ಅಷ್ಟರಲ್ಲಿ ಅಲೆ 1.93 ಮೀಟರ್ ಕ್ರಮಿಸುತ್ತದೆ; ಹೋಗಿಬರುವ ದಾರಿಯಾದ್ದರಿಂದ ಕೊಳವೆಯ ಉದ್ದ 97 ಸೆಂಟಿಮೀಟರ್ ಬೇಕು. 3000 ಸುತ್ತಿಗೆ ಬೇಕಾದುದು ಇದರ ಎರಡರಷ್ಟು. ಒಂದು ಉದ್ದ ಒಂದು ವೇಗಕ್ಕಷ್ಟೇ ಹೊಂದುತ್ತದೆ; ಬೇರೆ ಕೆಲವು ವೇಗಗಳಲ್ಲಿ ಅಲೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಸುಟ್ಟ ಅನಿಲವನ್ನೇ ಒಳಗೆ ತಳ್ಳುತ್ತದೆ. ಅವರ್ಸಾ, ಹಟ್ಟಿಕೇರಿ ದಾಟಿ ಅಂಕೋಲದವರೆಗೆ ನೀವು 70-80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಸಣ್ಣ ಕಾರಿನ ಎಂಜಿನ್ 2500ರಿಂದ 3000 ಸುತ್ತಿನ ಆಸುಪಾಸಿನಲ್ಲಿರುತ್ತದೆ. 6000 ಸುತ್ತಿಗೆ ಹೊಂದಿಸಿದ ಕೊಳವೆ ಆ ದಾರಿಯಲ್ಲಿ ಏನನ್ನೂ ಕೊಡದು, ಇದ್ದುದನ್ನೂ ಸ್ವಲ್ಪ ಕಿತ್ತುಕೊಂಡೀತು.

ಕೊಳವೆಯ ಅಗಲದ ವಿಷಯದಲ್ಲೂ ಹೀಗೆಯೇ. ‘ಎಂಜಿನ್ನಿಗೆ ಹಿಂದೊತ್ತಡ ಬೇಕೇ ಬೇಕು’ ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತ. ಇದು ತಪ್ಪು. ಹಿಂದೊತ್ತಡದಿಂದ ಲಾಭವಿಲ್ಲ. ಆದರೆ ಅದನ್ನು ತಗ್ಗಿಸಲು ಕೊಳವೆಯನ್ನು ವಿಪರೀತ ಅಗಲ ಮಾಡಿದರೆ ಅನಿಲದ ವೇಗ ಕುಗ್ಗಿ, ತನ್ನ ಜಡತ್ವದಿಂದ ಹಿಂದಿನದನ್ನು ಎಳೆಯುವ ಗುಣ ಹೋಗುತ್ತದೆ. ಕಡಿಮೆ ಸುತ್ತಿನಲ್ಲಿ ಕಾರು ಸಪ್ಪೆಯಾದಾಗ ಜನ ಹಿಂದೊತ್ತಡ ಹೋಯಿತೆನ್ನುತ್ತಾರೆ. ಹೋದದ್ದು ವೇಗ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕೊನೆಯ ಡಬ್ಬಿ ಮಾತ್ರ. ಮೇಲೆ ಹೇಳಿದ ಅಲೆಯ ಆಟ ಮುಗಿದ ಎಷ್ಟೋ ದೂರದ ಬಳಿಕ ಅದು ಬರುತ್ತದೆ. ಹಾಗಾಗಿ ಅದನ್ನು ಬದಲಿಸಿದರೆ ಸದ್ದು ಪೂರ್ತಿ ಬದಲಾಗುತ್ತದೆ, ಶಕ್ತಿ ಬಹಳವಾದರೆ ಶೇಕಡಾ ಒಂದೆರಡು. ಟರ್ಬೊ ಇರುವ ಕಾರುಗಳ ಕತೆ ಬೇರೆ. ಅಲ್ಲಿ ಟರ್ಬೈನಿನ ಆಚೆ ತಡೆ ಕಡಿಮೆಯಾದಷ್ಟೂ ಒಳ್ಳೆಯದು, ಆದರೆ ಎಂಜಿನ್ ನಿಯಂತ್ರಕವನ್ನೂ ಹೊಂದಿಸದೆ ಅದರ ಫಲ ಪೂರ್ತಿ ಕೈಗೆ ಬಾರದು.

ಸದ್ದಿನ ಗುಣಕ್ಕೂ ಸರಳ ಲೆಕ್ಕವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸ್ಫೋಟಿಸುತ್ತದೆ. 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ. ಅಂದರೆ ಮೂಲ ಆವೃತ್ತಿ 100 ಹರ್ಟ್ಸ್. ಕಾರಿನ ಒಳಭಾಗದ ಉದ್ದ ಸುಮಾರು 1.7 ಮೀಟರ್ ಇದ್ದರೆ ಅದರ ಸ್ವಾಭಾವಿಕ ಆವೃತ್ತಿಯೂ 103 ಹರ್ಟ್ಸ್. ಎರಡೂ ಹೊಂದಿ ಅನುನಾದ ಉಂಟಾಗಿ ಹೆದ್ದಾರಿಯುದ್ದಕ್ಕೂ ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ. ಅಂಗಡಿಯ ಮುಂದೆ ಒಂದು ನಿಮಿಷ ಕೇಳಿದಾಗ ಹಿತವೆನಿಸಿದ ಡಬ್ಬಿ ಅಂಕೋಲ ತಲುಪುವಷ್ಟರಲ್ಲಿ ತಲೆನೋವು ತರುವುದು ಇದರಿಂದಲೇ. ಕಂಪನಿಯ ಸೈಲೆನ್ಸರಿನಲ್ಲಿರುವ ಕೋಣೆಗಳನ್ನೂ ತೂತುಕೊಳವೆಗಳನ್ನೂ ಇಂಥ ಆವೃತ್ತಿಗಳನ್ನು ನುಂಗಲೆಂದೇ ಅಳೆದು ಇಟ್ಟಿರುತ್ತಾರೆ.

ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವವರೂ ಇದ್ದಾರೆ. ಅದು ಕಾರ್ಬನ್ ಮೊನಾಕ್ಸೈಡ್, ಸುಡದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡುಗಳನ್ನು ತಡೆಯುವ ಭಾಗ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಕಾರುಗಳಲ್ಲಿ ಆಮ್ಲಜನಕ ಸಂವೇದಕ ಇದನ್ನು ಪತ್ತೆ ಹಚ್ಚಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಸುತ್ತದೆ. ಸೈಲೆನ್ಸರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಸದ್ದಿನ ಮಿತಿ ಮೀರಿದರೆ 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು.

ನಮ್ಮ ಕರಾವಳಿಯಲ್ಲಿ ಹೊಗೆಕೊಳವೆಯ ಮುಖ್ಯ ಶತ್ರು ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಕಾಜುಬಾಗದಿಂದ ಮಾರ್ಕೆಟ್ಟಿಗೆ ಹೋಗಿ ಬಂದರೆ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ, ಆ ನೀರು ಆಮ್ಲೀಯವಾಗಿ ಒಳಗೇ ನಿಲ್ಲುತ್ತದೆ. ಹೊರಗಿನಿಂದ ಉಪ್ಪುಗಾಳಿ, ಮಳೆ, ಮೀನಿನ ಲಾರಿಗಳು ಹೆದ್ದಾರಿಯ ಮೇಲೆ ಸುರಿಸುವ ಉಪ್ಪುನೀರು. ತೂತು ಬಿದ್ದಾಗ ಸದ್ದು ಹೆಚ್ಚುತ್ತದೆ. ‘ಪಿಕಪ್ ಬಂತು’ ಎಂದುಕೊಳ್ಳುವವರೂ ಇದ್ದಾರೆ. ಆ ತೂತು ಸಂವೇದಕಕ್ಕಿಂತ ಮುಂಚೆ ಬಿದ್ದಿದ್ದರೆ ಹೊರಗಾಳಿ ಒಳಸೇರಿ, ಇಂಧನ ಕಡಿಮೆಯಾಗಿದೆಯೆಂದು ನಿಯಂತ್ರಕ ತಪ್ಪು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಸೀಟಿನ ಕೆಳಗೆ ಬಿದ್ದಿದ್ದರೆ ಅಪಾಯ ದೊಡ್ಡದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಳೆಗಾಲದಲ್ಲಿ ಗಾಜು ಏರಿಸಿ ಎಂಜಿನ್ ಚಾಲೂ ಇಟ್ಟು ಕುಳಿತವರಿಗೆ ಮೊದಲು ತಲೆಭಾರ, ನಿದ್ದೆ ಬಂದಂತಾಗುತ್ತದೆ.

ಆದ್ದರಿಂದ ನೀವು ಖರ್ಚು ಮಾಡುವುದೇ ಆದರೆ ಮೂಲ ಅಳತೆಯ, ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯನ್ನು ಕೇಳಿ. ಹಲವು ಸೈಲೆನ್ಸರುಗಳ ತಳದಲ್ಲಿ ನೀರು ಸೋರಿಹೋಗಲೆಂದು ಸಣ್ಣ ರಂಧ್ರವಿರುತ್ತದೆ; ತುಕ್ಕಿನ ತೂತೆಂದು ಭಾವಿಸಿ ಅದಕ್ಕೆ ಬೆಸುಗೆ ಹಾಕಿಸಬೇಡಿ. ಜೂನ್ ತಿಂಗಳಿಗೆ ಮುಂಚೆ ಕಾರನ್ನು ಮೇಲೆತ್ತಿಸಿ ಜೋಡಣೆಗಳ ಸುತ್ತ ಕಪ್ಪು ಮಸಿಯ ಗೆರೆ ಇದೆಯೇ ನೋಡಿಸಿ. ಇದ್ದರೆ ಅಲ್ಲಿ ಅನಿಲ ಸೋರುತ್ತಿದೆ ಎಂದರ್ಥ.