ತಿಳಿನೀರೆಲ್ಲವೂ ಶುದ್ಧವಲ್ಲ



ಕುಡಿಯುವ ನೀರನ್ನು ಸೋಸಿ, ಕುದಿಸಿ, ಆರಿಸಿ ಬಳಸಬೇಕೆಂದು ವೈದ್ಯರು ನಿಮಗೆ ಮೇಲಿಂದ ಮೇಲೆ ಹೇಳುತ್ತ ಬಂದಿದ್ದಾರೆ. ಕಾಲರಾ, ವಿಷಮಶೀತಜ್ವರ ಮೊದಲಾದ ರೋಗಗಳ ಜೀವಾಣುಗಳು ಇದರಿಂದ ನಾಶವಾಗುತ್ತವೆ. ಈ ಮಾತು ಇಂದಿಗೂ ಸತ್ಯ. ಆದರೆ ಸೋಸುವುದರಿಂದಾಗಲಿ, ಬ್ಲೀಚಿಂಗ್ ಪುಡಿಯಿಂದಾಗಲಿ ಪರಿಹಾರವಾಗದ ಇನ್ನೊಂದು ಬಗೆಯ ಮಾಲಿನ್ಯವಿದೆ. ಅದನ್ನು ಕುರಿತು ನೀವು ತಿಳಿದಿರುವುದು ಅವಶ್ಯಕ. ಏಕೆಂದರೆ ಗರ್ಭಿಣಿಯ ಒಡಲಲ್ಲಿರುವ ಶಿಶುವೂ ತಾಯಿ ಕುಡಿದ ನೀರಿನಿಂದಲೇ ಬೆಳೆಯುತ್ತದೆ.

ದ್ರಾವಕವೆಂದರೇನು?

ಎಣ್ಣೆ, ಜಿಡ್ಡು, ಬಣ್ಣ ಮೊದಲಾದುವನ್ನು ಕರಗಿಸುವ ದ್ರವಗಳಿಗೆ ದ್ರಾವಕಗಳೆಂದು ಹೆಸರು. ಬಣ್ಣಕ್ಕೆ ಬೆರೆಸುವ ಥಿನ್ನರ್ ನಿಮಗೆ ಪರಿಚಿತ. ಲೋಹದ ಭಾಗಗಳ ಜಿಡ್ಡನ್ನು ತೊಳೆಯಲು ಕಾರ್ಖಾನೆಗಳಲ್ಲಿ ಬಳಸಲಾದ ಟ್ರೈಕ್ಲೋರೋಎಥಿಲೀನ್ ಇಂಥ ಇನ್ನೊಂದು ದ್ರಾವಕ. ಇದಕ್ಕೆ ಬಣ್ಣವಿಲ್ಲ, ಇದು ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದಾಗ ಸ್ವಲ್ಪ ಭಾಗ ಆವಿಯಾಗಿ ಹೋದರೂ ಉಳಿದುದು ಮಣ್ಣಿನ ಮೂಲಕ ಇಳಿದು, ಅಂತರ್ಜಲದ ತಳಕ್ಕೆ ಮುಳುಗಿ, ಬಂಡೆಯ ಬಿರುಕುಗಳಲ್ಲಿ ನಿಲ್ಲುತ್ತದೆ. ಅಲ್ಲಿಂದ ದಶಕಗಳ ಕಾಲ ಹನಿಹನಿಯಾಗಿ ನೀರಿನಲ್ಲಿ ಕರಗುತ್ತಿರುತ್ತದೆ.

ಅಮೆರಿಕದಲ್ಲಿ ಕುಡಿಯುವ ನೀರಿಗೆ ನಿಗದಿಯಾಗಿರುವ ಇದರ ಮಿತಿಯು ಲೀಟರಿಗೆ 5 ಮೈಕ್ರೋಗ್ರಾಂ. ಒಂದೇ ಲೀಟರ್ ದ್ರಾವಕವು ಪೂರ್ಣವಾಗಿ ಕರಗಿದರೆ ಸುಮಾರು 29 ಕೋಟಿ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ನಿರ್ಣಯಿಸಿತು.

ವೋಬರ್ನ್ ಪಟ್ಟಣದ ಅನುಭವ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಪಟ್ಟಣಕ್ಕೆ 8 ಸಾರ್ವಜನಿಕ ಬಾವಿಗಳಿದ್ದುವು. ಅವುಗಳಲ್ಲಿ 2 ಬಾವಿಗಳನ್ನು 1964 ಮತ್ತು 1967ರಲ್ಲಿ ತೋಡಲಾಯಿತು. ನೀರಿಗೆ ಕೆಟ್ಟ ರುಚಿ ಮತ್ತು ವಾಸನೆ ಇದೆಯೆಂದು ಜನರು ದೂರಿದರು. ತನ್ನ ಮಗುವಿಗೆ ರಕ್ತದ ಕ್ಯಾನ್ಸರ್ ತಗಲಿದ ತಾಯಿಯೊಬ್ಬಳು ನೆರೆಹೊರೆಯ ಮಕ್ಕಳಲ್ಲಿಯೂ ಅದೇ ರೋಗವನ್ನು ಕಂಡು ನೀರಿನ ಮೇಲೆ ಸಂಶಯಪಟ್ಟಳು. 1979ರಲ್ಲಿ ಪರೀಕ್ಷಿಸಿದಾಗ ಆ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಲೀಟರಿಗೆ 267 ಮೈಕ್ರೋಗ್ರಾಂವರೆಗೆ ಇದ್ದುದು ತಿಳಿದುಬಂದಿತು. ಎರಡೂ ಬಾವಿಗಳನ್ನು ಮುಚ್ಚಲಾಯಿತು.

ಪಟ್ಟಣದಲ್ಲಿ 1986ರ ವೇಳೆಗೆ 21 ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಸಾಮಾನ್ಯವಾಗಿ ಅಷ್ಟು ಅವಧಿಯಲ್ಲಿ 6ಕ್ಕಿಂತ ಕಡಿಮೆ ನಿರೀಕ್ಷಿತ. ರಾಜ್ಯದ ಆರೋಗ್ಯ ಇಲಾಖೆಯು ಅಧ್ಯಯನ ಮಾಡಿದಾಗ, ಮಗುವು ಹುಟ್ಟಿದ ಮೇಲೆ ಕುಡಿದ ನೀರಿಗೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಆದರೆ ತಾಯಿಯು ಗರ್ಭಿಣಿಯಾಗಿದ್ದಾಗ ಆ ನೀರು ಹೆಚ್ಚು ದೊರೆತಷ್ಟೂ ಮಗುವಿನ ಅಪಾಯ ಹೆಚ್ಚಿದುದು ಕಂಡುಬಂದಿತು. ಮಕ್ಕಳ ಸಂಖ್ಯೆ ಚಿಕ್ಕದಾದುದರಿಂದ ಇದು ಅಂತಿಮ ನಿರ್ಣಯವಲ್ಲ. ಆದರೂ ಈ ಎಚ್ಚರಿಕೆಯನ್ನು ಕಡೆಗಣಿಸುವುದು ಸರಿಯಲ್ಲ.

ಶುದ್ಧೀಕರಿಸುವ ಕ್ರಮ

ಇಂಥ ನೀರನ್ನು ಶುದ್ಧೀಕರಿಸಲು ಸಾಧ್ಯವಿದೆ. ಆದರೆ ಅದು ಸುಲಭವಲ್ಲ. ಮೊದಲು ಬಾವಿಯ ಬಳಕೆಯನ್ನು ನಿಲ್ಲಿಸಬೇಕು. ಬಳಿಕ ದ್ರಾವಕ ಚೆಲ್ಲಿದ ಸ್ಥಳವನ್ನು ಹುಡುಕಿ, ಕೆಟ್ಟ ಮಣ್ಣನ್ನು ತೆಗೆಯಬೇಕು. ಆ ಸ್ಥಳದ ಸಮೀಪ ಬೇರೆ ಬಾವಿಗಳನ್ನು ತೋಡಿ ಮಲಿನಜಲವನ್ನು ಪಂಪಿನಿಂದ ಮೇಲೆತ್ತಬೇಕು. ಎತ್ತರದ ಗೋಪುರದಿಂದ ನೀರನ್ನು ಧಾರೆಯಾಗಿ ಇಳಿಸಿ, ಕೆಳಗಿನಿಂದ ಗಾಳಿಯನ್ನೂದಿದಾಗ ದ್ರಾವಕವು ಆವಿಯಾಗಿ ಬೇರ್ಪಡುತ್ತದೆ. ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ಮೂಲಕ ಹಾಯಿಸಿದರೆ ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ.

ವೋಬರ್ನ್‌ನಲ್ಲಿ ನೀರೆತ್ತಿ ಶುದ್ಧೀಕರಿಸುವ ಕಾರ್ಯವು 1992ರಲ್ಲಿ ಆರಂಭವಾಯಿತು. ಬಾವಿಗಳನ್ನು ಮುಚ್ಚಿ ನಾಲ್ಕು ದಶಕಗಳು ಕಳೆದರೂ ಕೆಲಸವು ಮುಗಿದಿರಲಿಲ್ಲ. ಬಂಡೆಯ ಬಿರುಕಿನಲ್ಲಿ ಸೇರಿದ ದ್ರಾವಕವು ಮತ್ತೆ ಮತ್ತೆ ಕರಗಿ ಬರುವುದೇ ಇದಕ್ಕೆ ಕಾರಣ. ಕೆಡಿಸಲು ಒಂದು ದಿನ ಸಾಕು. ಸರಿಪಡಿಸಲು ಒಂದು ತಲೆಮಾರು ಸಾಲದು.

ನೀವು ಮಾಡಬೇಕಾದುದು

1. ಥಿನ್ನರ್, ಯಂತ್ರದ ಹಳೆಯ ಎಣ್ಣೆ, ಡೀಸೆಲ್, ಕೀಟನಾಶಕ ಮೊದಲಾದುವನ್ನು ಬಾವಿ, ಕೊಳವೆ ಬಾವಿ ಅಥವಾ ಕೆರೆಯ ಬಳಿ ಚೆಲ್ಲಬೇಡಿ. ಅವುಗಳ ಡಬ್ಬಗಳನ್ನು ಅಲ್ಲಿ ತೊಳೆಯಬೇಡಿ.

2. ರಾಸಾಯನಿಕ ತುಂಬಿದ್ದ ಡ್ರಮ್ಮು, ಕ್ಯಾನುಗಳಲ್ಲಿ ಕುಡಿಯುವ ನೀರನ್ನು ಎಂದಿಗೂ ಶೇಖರಿಸಬೇಡಿ, ತೊಳೆದರೂ ಬೇಡ.

3. ನೀರಿಗೆ ಎಣ್ಣೆಯ ಅಥವಾ ಔಷಧದ ವಾಸನೆ ಬಂದರೆ ಅದನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸದೆ, ಗ್ರಾಮ ಪಂಚಾಯಿತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ, ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗಬೇಕೆಂದು ಕೇಳಿ. ವಾಸನೆಯಿಲ್ಲದ ಮಾತ್ರಕ್ಕೆ ನೀರು ನಿರ್ದೋಷಿಯೆಂದು ಭಾವಿಸಬೇಡಿ. ಅಲ್ಪ ಪ್ರಮಾಣದ ದ್ರಾವಕವು ಮೂಗಿಗೂ ನಾಲಗೆಗೂ ತಿಳಿಯದು. ಬಾವಿಯ ಸಮೀಪ ಯಾರಾದರೂ ರಾಸಾಯನಿಕ ಚೆಲ್ಲಿದುದು ಗೊತ್ತಿದ್ದರೆ ವಾಸನೆಗಾಗಿ ಕಾಯದೆ ತಿಳಿಸಿ.

4. ಅಂಥ ನೀರನ್ನು ಕುದಿಸಿ ಕುಡಿಯಬಹುದೆಂದು ಭಾವಿಸಬೇಡಿ. ಕುದಿಸಿದಾಗ ದ್ರಾವಕವು ಆವಿಯಾಗಿ ಅಡುಗೆಮನೆಯ ಗಾಳಿಯನ್ನು ಸೇರಿ, ಉಸಿರಿನ ಮೂಲಕ ದೇಹವನ್ನು ಪ್ರವೇಶಿಸುತ್ತದೆ.

5. ಮನೆಯಲ್ಲಿ ಗರ್ಭಿಣಿಯಿದ್ದರೆ ಸಂಶಯವುಳ್ಳ ನೀರನ್ನು ಅಂದೇ ಬಿಡಿ. ದೂರದಿಂದಾದರೂ ಒಳ್ಳೆಯ ನೀರು ತರುವುದು ಪತಿಯ ಕರ್ತವ್ಯ. ಆ ಭಾರವನ್ನು ಗರ್ಭಿಣಿಯ ತಲೆಯ ಮೇಲೆ ಹೊರಿಸಬಾರದು.

ಬಾವಿಯು ಊರಿನ ಆಸ್ತಿ. ಅದನ್ನು ಇಂದು ಕಾಪಾಡುವವರು ನೀವು. ಅದರ ನೀರನ್ನು ನಾಳೆ ಕುಡಿಯುವವರು ನಿಮ್ಮ ಮಕ್ಕಳು.